ಹನುಮವ್ವನ ಹಕ್ಕಲು, ಗೌಡರ ಪಹಣಿ

ಹೋದ ವಾರ ನಾನೊಂದು ಹೊಲಕ್ಕೆ ಮುಳ್ಳು ಹಚ್ಚಿಸಿದೆ.

ಹೊಲ ನನ್ನದಲ್ಲ. ಮುಳ್ಳು ಕಡಿದವಳೂ ನಾನಲ್ಲ. ಆ ಹೊತ್ತಿಗೆ ನಾನು ಹೊಸಪೇಟೆಯ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಆದರೂ ಆ ಜಾಲಿ ಮುಳ್ಳು ಅಲ್ಲಿ ಬಿದ್ದಿರುವುದು ನನ್ನಿಂದಲೇ. ಐದು ತಿಂಗಳ ಹಿಂದೆ ನಾನೊಂದು ಫಾರ್ಮ್ ತುಂಬಿದ್ದೆ. ಅಷ್ಟೇ ನಾನು ಮಾಡಿದ್ದು.

ವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಈ ಬರಹವನ್ನೇ ನಾಲ್ಕು ಸಲ ಶುರು ಮಾಡಿ, ನಾಲ್ಕು ಸಲವೂ ಎದ್ದುಹೋಗಿ ಗ್ಯಾಸ್ ಆಫ್ ಆಗಿದೆಯಾ ಎಂದು ನೋಡಿ ಬಂದಿದ್ದೇನೆ. (ಆಫ್ ಆಗಿತ್ತು. ನಾಲ್ಕೂ ಸಲ.) ನಿಮ್ಮ ಹತ್ತಿರ ಹೇಳಿಕೊಂಡರಾದರೂ ಹಗುರಾಗುತ್ತದೇನೋ ನೋಡೋಣ.

ನನ್ನ ಅಕ್ಕ ಗಿರಿಜಾ ನಿಮಗೆ ಹೊಸಬಳೇನಲ್ಲ. ಈ ಅಂಕಣದಲ್ಲಿ ಅವಳ ಹೆಸರು ಆಗಾಗ ಬಂದಿದೆ, ಹೆಚ್ಚಾಗಿ ನನ್ನನ್ನು ಬೈಯುವ ಪಾತ್ರದಲ್ಲಿ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಅವಳು ಹೊಸಪೇಟೆಯ ತನ್ನ ಮನೆಯ ಹಿತ್ತಲಲ್ಲಿ ಶೇಂಗಾ ಚಟ್ನಿಪುಡಿ ಮಾಡುತ್ತಾಳೆ. ಭಾವ ಗಣಿ ಕಂಪನಿಯ ಲಾರಿಗಳ ಲೆಕ್ಕ ನೋಡುತ್ತಿದ್ದರು. ಗಣಿ ನಿಂತಾಗ ಅವರೂ ಮನೆಯಲ್ಲಿ ನಿಂತರು. ಆಗ ಶುರುವಾದದ್ದು ಈ ಚಟ್ನಿಪುಡಿ. ಈಗ ಅಕ್ಕನ ಜೊತೆ ನಾಲ್ಕು ಹೆಂಗಸರಿದ್ದಾರೆ. ಮಿಕ್ಸರ್ ಇಲ್ಲ, ಒರಳಿನಲ್ಲೇ ಕುಟ್ಟುವುದು. ಬಿಸಿ ರೊಟ್ಟಿ, ಗಟ್ಟಿ ಮೊಸರು, ಮೇಲೆ ಈ ಪುಡಿ. ತಿಂದವರು ಮಾತಾಡುವುದಿಲ್ಲ, ಇನ್ನೊಂದು ರೊಟ್ಟಿ ಕೇಳುತ್ತಾರೆ.

ರುಚಿಯ ಗುಟ್ಟೇನು ಎಂದು ಕೇಳಿದವರಿಗೆಲ್ಲ ಅಕ್ಕ ಬೆಳ್ಳುಳ್ಳಿಯ ಕಡೆ ಕೈ ತೋರಿಸುತ್ತಿದ್ದಳು. ಸುಳ್ಳು. ಗುಟ್ಟು ಇರುವುದು ಶೇಂಗಾದಲ್ಲಿ. ಅದು ಹಕ್ಕಲು ಶೇಂಗಾ.

ಪೇಟೆಯಲ್ಲೇ ಹುಟ್ಟಿ ಬೆಳೆದವರಿಗೆ ಹಕ್ಕಲು ಎಂದರೆ ಗೊತ್ತಿರಲಿಕ್ಕಿಲ್ಲ. ಶೇಂಗಾ ಬಳ್ಳಿ ಕಿತ್ತಾಗ ಎಲ್ಲ ಕಾಯಿಯೂ ಮೇಲೆ ಬರುವುದಿಲ್ಲ. ಚೆನ್ನಾಗಿ ಬಲಿತ ಕಾಯಿಯ ತೊಟ್ಟು ಕಳಚಿ ಅದು ಮಣ್ಣಲ್ಲೇ ಉಳಿಯುತ್ತದೆ. ರೈತ ರಾಶಿಯನ್ನು ಮನೆಗೆ ಸಾಗಿಸಿದ ಮೇಲೆ, ಹೊಲ ಇಲ್ಲದವರು ಕಳೆ ತೆಗೆಯುವ ಕುರ್ಚಿಗಿ ಹಿಡಿದು ಆ ಹೊಲಕ್ಕೆ ಇಳಿಯುತ್ತಾರೆ. ಮಣ್ಣು ಕೆದಕಿ ಕಾಯಿ ಆರಿಸುತ್ತಾರೆ. ಯಾರು ಆರಿಸಿದರೋ ಅವರದು. ಕೇಳುವಂತಿಲ್ಲ, ಹೇಳುವಂತಿಲ್ಲ. ರಾಶಿ ಎತ್ತಿದ ಮೇಲೆ ಒಡೆಯ ಆ ಹೊಲದ ಕಡೆ ತಿರುಗಿ ನೋಡುವುದು ಕೂಡ ಸಣ್ಣತನ ಎಂದು ನಮ್ಮ ಕಡೆ ಲೆಕ್ಕ.

ಹನುಮವ್ವ ಅಂಥ ಒಬ್ಬ ಹಕ್ಕಲಿನವಳು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ, ಗುಡ್ಡ ಶುರುವಾಗುವ ಮುಂಚೆ ಒಳಗೆ ತಿರುಗಿದರೆ ಅವಳ ಊರು. (ಊರಿನ ಹೆಸರು ಬರೆಯುವುದಿಲ್ಲ. ಒಂದು ಕಡೆ ಬರೆದು ಆಗಿರುವುದೇ ಸಾಕು.) ವಯಸ್ಸು ಅರವತ್ತು ದಾಟಿದೆ. ಒಂದು ಮಂಡಿ ಮಡಚಲು ಬರುವುದಿಲ್ಲ, ಹಾಗಾಗಿ ಒಂದು ಕಾಲು ಚಾಚಿಕೊಂಡೇ ನೆಲದ ಮೇಲೆ ಜರುಗುತ್ತ ಕಾಯಿ ಆರಿಸುತ್ತಾಳೆ. ಒಂದು ಹೊಲ ಮುಗಿಸಲು ಅವಳಿಗೆ ದಿನಗಟ್ಟಲೆ ಬೇಕು. ಅವಸರ ಯಾರಿಗಿದೆ? ಒಣಗಿಸಿ, ಕೈಯಲ್ಲೇ ಸುಲಿದು, ಒಂದೊಂದು ಬೀಜವನ್ನೂ ಕಣ್ಣಿಗೆ ಹಿಡಿದು ನೋಡಿ, ಕಪ್ಪು ಚುಕ್ಕೆ ಕಂಡರೆ ಎಸೆದು, ಉಳಿದದ್ದನ್ನು ಅಕ್ಕನಿಗೆ ತಂದುಕೊಡುತ್ತಾಳೆ.

ಮಾರ್ಕೆಟ್ಟಿನ ಬೀಜದ ಕತೆಯೂ ಸ್ವಲ್ಪ ಕೇಳಿ. ಮಷೀನಿಗೆ ಹಾಕುವ ಮುಂಚೆ ಕೆಲವರು ಕಾಯಿಗೆ ನೀರು ಚಿಮುಕಿಸುತ್ತಾರೆ. ಬೀಜ ಒಡೆಯುವುದಿಲ್ಲ, ತೂಕವೂ ಬರುತ್ತದೆ. ಆಮೇಲೆ ಚೀಲದೊಳಗೆ ಬೂಸ್ಟು ಬರುತ್ತದೆ. ಅಕ್ಕ ಒಂದು ವರ್ಷ ಅಂಥ ಬೀಜ ತಂದು ಒಂದು ಮೂಟೆ ಪುಡಿಯನ್ನು ತಿಪ್ಪೆಗೆ ಸುರಿದಿದ್ದಳು. ಅಂದಿನಿಂದ ಅವಳಿಗೆ ಹನುಮವ್ವನ ಬೀಜವೇ ಬೇಕು. ಹನುಮವ್ವನೂ ಅಷ್ಟೇ, ಗಿರಿಜಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ.

ಹೀಗೆ ಎಲ್ಲವೂ ಸರಿಯಾಗಿತ್ತು. ಸರಿಯಾಗಿದ್ದದ್ದನ್ನು ಇನ್ನೂ ಸರಿ ಮಾಡಲು ಹೋಗುವ ಚಟ ನಮ್ಮಂಥ ಓದಿದವರಿಗೆ ಇರುತ್ತದಲ್ಲ?

ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಕಂಪನಿಯಿಂದ ಅಕ್ಕನಿಗೆ ಫೋನ್ ಬಂತು. ಹಂಪಿಯ ಹೋಮ್‌ಸ್ಟೇ ಒಂದರಲ್ಲಿ ಅವರ ಕಡೆಯವರು ನಮ್ಮ ಚಟ್ನಿಪುಡಿ ತಿಂದಿದ್ದರಂತೆ. ಆ ಕಂಪನಿಯ ಕಸುಬೇ ಅದು: ಹಳ್ಳಿಗಳಿಂದ ಒಳ್ಳೆಯ ಪದಾರ್ಥ ಹುಡುಕಿ, ಬೆಳೆದವರಿಗೆ ನ್ಯಾಯವಾದ ದರ ಕೊಟ್ಟು, ಪ್ಯಾಕೆಟ್ಟಿನ ಮೇಲೆ ಒಂದು ಕ್ಯೂಆರ್ ಕೋಡ್ ಅಂಟಿಸಿ ಮಾರುವುದು. ಕೊಂಡವರು ಆ ಕೋಡನ್ನು ಮೊಬೈಲಿಗೆ ತೋರಿಸಿದರೆ ಸಾಕು, ಇದು ಯಾರ ಹೊಲದ ಕಾಳು, ಯಾರ ಕೈಯ ಕೆಲಸ, ಎಲ್ಲವೂ ಫೋಟೋ ಸಮೇತ ಕಾಣುತ್ತದೆ.

ಅನನ್ಯಾ ಎಂಬ ಹುಡುಗಿ ಬಂದಳು. ನಾನು ಅವಳನ್ನು ಆಡಿಕೊಳ್ಳಬೇಕೆಂದು ನೀವು ಕಾಯುತ್ತಿದ್ದರೆ ನಿರಾಸೆಯಾಗುತ್ತದೆ. ಒಳ್ಳೆಯ ಹುಡುಗಿ. ಅಕ್ಕ ಕೊಟ್ಟ ಒಗ್ಗರಣೆ ಮಂಡಕ್ಕಿ, ಮಿರ್ಚಿಯನ್ನು ಕಣ್ಣಲ್ಲಿ ನೀರು ಸುರಿಸುತ್ತಲೇ ತಿಂದು ಮುಗಿಸಿದಳು. ಗೋಡಂಬಿ ಸುಲಿಯುವ ಹೆಂಗಸರ ಬೆರಳು ಸಿಪ್ಪೆಯ ಎಣ್ಣೆಗೆ ಸುಟ್ಟು ಹೇಗೆ ಕಪ್ಪಾಗುತ್ತದೆ ಎಂದು ತಾನು ಕಣ್ಣಾರೆ ಕಂಡದ್ದನ್ನು ಹೇಳಿದಳು. ಅಂಥದ್ದು ಇಲ್ಲದ ಪದಾರ್ಥವನ್ನು ಜನರಿಗೆ ಮುಟ್ಟಿಸಬೇಕು ಎನ್ನುವುದು ಅವಳ ಆಸೆ. ತಪ್ಪೇನಿದೆ? ನಾನೂ ಸೂಪರ್ ಮಾರ್ಕೆಟ್ಟಿನಲ್ಲಿ ನಗುವ ರೈತನ ಫೋಟೋ ಇರುವ ಪ್ಯಾಕೆಟ್ಟನ್ನೇ ಎತ್ತಿಕೊಳ್ಳುವವಳು.

ಬೀಜದ ಸ್ಯಾಂಪಲ್ ಲ್ಯಾಬಿಗೆ ಹೋಯಿತು. ಬೂಸ್ಟಿನ ಸುಳಿವಿಲ್ಲ, ಫಸ್ಟ್ ಕ್ಲಾಸ್ ಎಂದು ರಿಪೋರ್ಟ್ ಬಂತು. ಅಕ್ಕನ ಹಿತ್ತಲೂ ಪಾಸಾಯಿತು. ಉಳಿದದ್ದು ಒಂದೇ, ಫಾರ್ಮ್.

ನಮ್ಮ ಮನೆಯಲ್ಲಿ ಫಾರ್ಮ್ ಎಂದರೆ ನಾನು. ಪಾಸ್‌ಪೋರ್ಟಿನಿಂದ ಹಿಡಿದು ಗ್ಯಾಸ್ ಸಬ್ಸಿಡಿಯವರೆಗೆ, ಮೂರು ತಲೆಮಾರಿನ ಫಾರ್ಮುಗಳನ್ನು ತುಂಬಿದ ಕೈ ಇದು. ಇಂಗ್ಲಿಷ್ ಮೇಡಂ ಅಲ್ಲವೇ? ಲ್ಯಾಪ್‌ಟಾಪ್ ಮುಂದೆ ಜಂಬದಿಂದಲೇ ಕೂತೆ.

ಮೊದಲ ಪುಟದಲ್ಲೇ ಗಾಡಿ ನಿಂತಿತು. ರೈತರ ಹೆಸರು. ಸರ್ವೆ ನಂಬರ್. ಪಹಣಿಯ ಕಾಪಿ. ಹೊಲದಲ್ಲಿ ನಿಂತ ಫೋಟೋ. ಹನುಮವ್ವನಿಗೆ ಹೆಸರಿದೆ, ಮಿಕ್ಕಿದ್ದು ಯಾವುದೂ ಇಲ್ಲ. ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ.

ಅನನ್ಯಾಗೆ ಫೋನ್ ಮಾಡಿ ಹಕ್ಕಲು ಎಂದರೇನು ಎಂದು ವಿವರಿಸಿದೆ. ಅವಳಿಗೆ ಬಹಳ ಖುಷಿಯಾಯಿತು. ಎಷ್ಟು ಚೆನ್ನಾಗಿದೆ ಮೇಡಂ, ಇದನ್ನು ನಮ್ಮ ವೆಬ್‌ಸೈಟಿನಲ್ಲಿ ಬರೆಯಬೇಕು ಎಂದಳು. ಆದರೆ ಸಿಸ್ಟಮ್ಮು ಒಪ್ಪುವುದಿಲ್ಲ, ಕಾಳು ಯಾವುದಾದರೂ ಒಂದು ಹೊಲದಿಂದಲೇ ಶುರುವಾಗಬೇಕು, ಹೊಲಕ್ಕೆ ಒಬ್ಬರು ಒಡೆಯರಿರಬೇಕು ಎಂದಳು. ಹಕ್ಕಲು ಬಿಟ್ಟು ಬೇರೆ ಶೇಂಗಾ ಬಳಸಬಹುದಾ ಎಂದೂ ಮೆಲ್ಲಗೆ ಕೇಳಿದಳು.

ಅಕ್ಕ ಆಗುವುದಿಲ್ಲ ಎಂದಳು. ಹನುಮವ್ವನ ಬೀಜ ಇಲ್ಲದಿದ್ದರೆ ಅದು ತನ್ನ ಪುಡಿಯೇ ಅಲ್ಲ, ಕಂಪನಿಯೂ ಬೇಡ ಏನೂ ಬೇಡ ಎಂದಳು.

ಅಲ್ಲಿಗೆ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ನನಗೆ ಐಡಿಯಾ ಹೊಳೆಯಿತು. (ನನಗೆ ಐಡಿಯಾ ಹೊಳೆದಾಗಲೆಲ್ಲ ಮನೆಯವರು ಯಾಕೆ ಗಾಬರಿಯಾಗುತ್ತಾರೆಂದು ಈಗ ಗೊತ್ತಾಗುತ್ತಿದೆ.)

ಹನುಮವ್ವ ಹೆಚ್ಚಾಗಿ ಹಕ್ಕಲು ಆರಿಸುವುದು ಆ ಊರಿನ ಬಸವನಗೌಡರ ಹೊಲದಲ್ಲಿ. ನಮ್ಮ ಭಾವನಿಗೆ ಪರಿಚಯದವರು, ಹೊಸಪೇಟೆಗೆ ಬಂದರೆ ಅಕ್ಕನ ಮನೆಯಲ್ಲಿ ಚಹಾ ಕುಡಿದು ಹೋಗುವವರು. ಶೇಂಗಾ ಬಂದದ್ದು ಅವರ ಹೊಲದಿಂದ ತಾನೇ? ಹಾಗಾದರೆ ಅವರ ಸರ್ವೆ ನಂಬರ್ ಹಾಕಿದರೆ ಸುಳ್ಳು ಹೇಗಾಗುತ್ತದೆ? ಅಕ್ಕ ಅನುಮಾನಿಸಿದಳು. ನಾನು ಅವಳ ಬಾಯಿ ಮುಚ್ಚಿಸಿದೆ.

ಗೌಡರು ಬಂದಾಗ ವಿಷಯ ಹೇಳಿದೆ. ಹನುಮವ್ವನಿಗೆ ಒಳ್ಳೆಯದಾಗುತ್ತದೆ ಎಂದದ್ದೇ ತಡ, ತರ್ರಿ ಇಲ್ಲಿ ಎಂದು ಚಹಾದ ಕಪ್ಪು ಪಕ್ಕಕ್ಕಿಟ್ಟು ಸಹಿ ಹಾಕಿಬಿಟ್ಟರು. ಓದಿ ಹೇಳುತ್ತೇನೆ ಎಂದರೆ, ನೀವು ಓದೀರಲ್ಲ ಸಾಕು ಎಂದರು. ಆಮೇಲೆ ಹೊಲಕ್ಕೇ ಹೋಗಿ ಅವರದೊಂದು ಫೋಟೋ ತೆಗೆದೆವು. ಬೊಗಸೆಯಲ್ಲಿ ಶೇಂಗಾ, ಮುಖದ ತುಂಬ ನಗು.

ಎರಡನೇ ಪುಟದಲ್ಲಿ ಇನ್ನೊಂದು ಕಾಲಂ ಇತ್ತು: ಈ ಹೊಲದಲ್ಲಿ ಕೆಲಸ ಮಾಡುವವರು. ಅಲ್ಲಿ ಹನುಮವ್ವನ ಹೆಸರು ಬರೆದೆ. ಬರೆದಾಗ ನನಗೆ ಹೆಮ್ಮೆಯಾಗಿತ್ತು, ನಿಜ ಹೇಳುತ್ತೇನೆ. ಯಾವ ಕಾಗದದಲ್ಲೂ ಇಲ್ಲದ ಮುದುಕಿಯ ಹೆಸರನ್ನು ಬೆಂಗಳೂರಿನವರೆಗೆ ಕಳಿಸಿದೆ ಎಂದುಕೊಂಡೆ.

ಶ್ರಾವಣದ ಹೊತ್ತಿಗೆ ಪ್ಯಾಕೆಟ್ಟುಗಳು ಬಂದವು. ಗೌಡರ ಸೊಸೆ ಕೋಡ್ ಸ್ಕ್ಯಾನ್ ಮಾಡಿ, ಮಾವನ ನಗುಮುಖವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. ಊರಲ್ಲೆಲ್ಲ ಅದೇ ಮಾತು. ಕಮಲಾಪುರದ ಬೀಗರು ಕೂಡ ಫೋನ್ ಮಾಡಿ, ಬೆಂಗಳೂರಿಗೆಲ್ಲ ಪರಿಚಯ ಆಗಿಬಿಟ್ರಲ್ಲ ಎಂದು ಛೇಡಿಸಿದರಂತೆ.

ಆಮೇಲೆ ಗೌಡರಿಗೆ ಇನ್ನೊಂದು ಫೋನ್ ಬಂತು. ಕಂಪನಿಯಲ್ಲಿ ತಪಾಸಣೆಗೆಂದೇ ಬೇರೆ ಒಂದು ವಿಭಾಗವಿದೆ. ಅಲ್ಲಿಂದ ಯಾರೋ, ನಯವಾದ ಕನ್ನಡದಲ್ಲೇ, ನಿಮ್ಮ ಹೊಲದಲ್ಲಿ ಕೆಲಸ ಮಾಡುವ ಹನುಮವ್ವನವರಿಗೆ ದಿನಕ್ಕೆ ಕೂಲಿ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಗೌಡರು ಇದ್ದದ್ದನ್ನು ಇದ್ದಂತೆ ಹೇಳಿದರು. ಅವಳಿಗೆ ನಾನ್ಯಾಕೆ ಕೂಲಿ ಕೊಡಲಿ, ಅವಳ ಪಾಡಿಗೆ ಅವಳು ಬರುತ್ತಾಳೆ, ಆರಿಸಿಕೊಂಡು ಹೋಗುತ್ತಾಳೆ ಎಂದರು. ಎಷ್ಟು ವರ್ಷದಿಂದ ಎಂದು ಕೇಳಿದರು. ನಾನು ಚಿಕ್ಕವನಿದ್ದಾಗಿನಿಂದ ಎಂದರು.

ಹದಿನೈದು ದಿನಕ್ಕೆ ಇಂಗ್ಲಿಷಿನಲ್ಲಿ ಒಂದು ಪತ್ರ. ಅದನ್ನು ಓದಿಸಲು ಗೌಡರು ಎಲ್ಲಿಗೆ ಬರಬೇಕು ಹೇಳಿ? ನನ್ನ ಹತ್ತಿರವೇ.

ಅಕ್ಕನ ಮನೆಯ ಪಡಸಾಲೆಯಲ್ಲಿ ನಿಂತೇ ಓದಿದೆ. ಈ ಜಮೀನಿನಲ್ಲಿ ವಯಸ್ಸಾದ ಹೆಂಗಸೊಬ್ಬರಿಂದ ಬಹಳ ವರ್ಷಗಳಿಂದ ಕೂಲಿ ಕೊಡದೆ ಕೆಲಸ ಮಾಡಿಸಿಕೊಳ್ಳಲಾಗುತ್ತಿದೆ ಎಂದು ಕಂಡುಬಂದಿದೆ. ಒಡೆಯರು ಇದನ್ನು ಸರಿಪಡಿಸುವವರೆಗೆ ಈ ಹೊಲಕ್ಕೆ ಕೆಂಪು ಗುರುತು ಹಾಕಲಾಗಿದೆ. ಇಷ್ಟು ಅದರ ಸಾರ. ಕನ್ನಡದಲ್ಲಿ ಸ್ವಲ್ಪ ಮೆತ್ತಗೆ ಮಾಡಿ ಹೇಳಲು ನೋಡಿದೆ. ಗೌಡರೇನು ದಡ್ಡರೇ?

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಮೇಡಂ, ನಮ್ಮಪ್ಪನ ಕಾಲದಾಗ ನಮ್ಮ ಮನ್ಯಾಗ ಜೀತಕ್ಕ ಇದ್ರು. ನನ್ನ ಕೈಗೆ ಹೊಲ ಬಂದ ಮ್ಯಾಲೆ ಮೊದ್ಲು ಮಾಡಿದ್ದ ಅವ್ರನ್ನ ಬಿಡಿಸಿದ್ದು. ಈಗ ನನ್ನ ಫೋಟೋ ಹಾಕಿ, ಕೆಳಗ ಜೀತ ಅಂತ ಬರಸ್ತೀರಿ?"

ಫಾರ್ಮಿನಲ್ಲಿ ಎರಡೇ ಥರದ ಜನ. ಒಂದು ಒಡೆಯ, ಇನ್ನೊಂದು ಕೆಲಸದವರು. ಕೆಲಸದವರಾದರೆ ಕೂಲಿ ಕೊಡಬೇಕು, ಕೊಡದಿದ್ದರೆ ಅನ್ಯಾಯ. ಆ ಲೆಕ್ಕದಲ್ಲಿ ಅವರು ಬರೆದದ್ದು ಸರಿಯೇ. ಹನುಮವ್ವನನ್ನು ಆ ಲೆಕ್ಕದೊಳಗೆ ನೂಕಿದ್ದು ಯಾರು?

ಅನನ್ಯಾ ಪಾಪ, ಒದ್ದಾಡಿದಳು. ಎರಡು ದಿನ ಯಾರ್ಯಾರ ಜೊತೆಗೋ ಮಾತಾಡಿ ಒಂದು ದಾರಿ ಹುಡುಕಿದಳು. ಗೌಡರು ಹಕ್ಕಲು ಆರಿಸಲು ದಿನಗೂಲಿಯ ಮೇಲೆ ಆಳು ಹಚ್ಚಲಿ, ಆರಿಸಿದ ಶೇಂಗಾವನ್ನು ಗೌಡರೇ ಅಕ್ಕನಿಗೆ ಮಾರಲಿ, ಹನುಮವ್ವನಿಗೆ ಕೂಲಿ ಸಿಗುತ್ತದೆ, ಕೆಂಪು ಗುರುತು ಹೋಗುತ್ತದೆ. ಕೇಳಲು ಎಷ್ಟು ಚೆಂದ! ನಾನೂ ಒಂದು ಗಳಿಗೆ ಉಬ್ಬಿಹೋದೆ.

ಗೌಡರಿಗೆ ಹೇಳಿದೆ. ಅವರು ಒಕ್ಕಲುತನ ಮಾಡುವವರು, ತಕ್ಷಣ ಅವರಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ. ಕೂಲಿ ಕೊಡುವುದಾದರೆ ಕೈ ಚುರುಕಿರುವವರನ್ನು ಕರೆಯಬೇಕಾಗುತ್ತದೆ, ಕಾಲು ಚಾಚಿಕೊಂಡು ಜರುಗುವ ಹನುಮವ್ವನನ್ನು ಯಾರು ಕರೆಯುತ್ತಾರೆ ಎಂದರು. ಮಣ್ಣಲ್ಲಿ ಉಳಿದ ಕಾಯಿ ಕೂಲಿಗೆ ಸಮನಾಗುವುದೂ ಇಲ್ಲ ಎಂದರು. ಸಮನಾಗುತ್ತಿದ್ದರೆ ಯಾವ ರೈತ ತಾನೆ ಅದನ್ನು ಬಿಟ್ಟು ಹೋಗುತ್ತಿದ್ದ?

ಅಷ್ಟು ಹೇಳಿ ಬಸ್ ಹತ್ತಿ ಹೋದರು. ಅಕ್ಕ ಚಹಾಕ್ಕೆ ಇಟ್ಟಿದ್ದಳು, ಅದಕ್ಕೂ ನಿಲ್ಲಲಿಲ್ಲ.

ಹೋದ ವಾರ ಅವರ ಹೊಲದಲ್ಲಿ ಶೇಂಗಾ ಕಿತ್ತಾಯಿತು. ರಾಶಿ ಮನೆಗೆ ಹೋಯಿತು. ಅದೇ ದಿನ ಹೊಲಕ್ಕೆ ಇಳಿಯುವ ದಾರಿಗೆ ಅಡ್ಡವಾಗಿ ಜಾಲಿ ಮುಳ್ಳು ಬಿತ್ತು.

ಸುದ್ದಿ ತಿಳಿದ ಭಾನುವಾರ ಬೆಳಿಗ್ಗೆ ಅಕ್ಕ ಸ್ಕೂಟಿ ಹೊರಗೆ ತೆಗೆದಳು. ಹಿಂದೆ ನಾನು. ದಾರಿಯುದ್ದಕ್ಕೂ ಅದಿರು ಲಾರಿಗಳ ಕೆಂಪು ಧೂಳು. ಅಕ್ಕ ಒಂದು ಮಾತೂ ಆಡಲಿಲ್ಲ. ಬೈದುಬಿಡೇ ತಾಯಿ ಎಂದು ನಾನೇ ಒಳಗೊಳಗೆ ಬೇಡಿಕೊಳ್ಳುತ್ತಿದ್ದೆ.

ಹನುಮವ್ವ ಹೊಲದ ಬದುವಿನ ಮೇಲೆ ಕೂತಿದ್ದಳು. ಮುಳ್ಳಿನ ಈಚೆ ಕಡೆ. ಪಕ್ಕದಲ್ಲಿ ಕುರ್ಚಿಗಿ, ಜರಡಿ. ದಿನಾ ಬರುತ್ತಾಳಂತೆ. ಒಂದಷ್ಟು ಹೊತ್ತು ಕೂತು ಹೋಗುತ್ತಾಳಂತೆ. ಜೊತೆಯ ಹೆಂಗಸರು ಗದ್ದೆ ಕೆಲಸಕ್ಕೆಂದು ಕಂಪ್ಲಿ ಕಡೆ ಹೋಗಿದ್ದರು. ಮಂಡಿ ಮಡಚದವಳು ಗದ್ದೆಯ ಕೆಸರಲ್ಲಿ ಏನು ಮಾಡುತ್ತಾಳೆ? ಅವಳಿಗೆ ವರ್ಷಕ್ಕೆ ಇದೊಂದೇ ಸುಗ್ಗಿ. ಇದರಲ್ಲೇ ಅವಳ ಎಣ್ಣೆ, ಬೆಲ್ಲ, ಮಾತ್ರೆ, ಮೊಮ್ಮಗಳಿಗೆ ದೀಪಾವಳಿಯ ಬಟ್ಟೆ. ಕೈಚಾಚಿ ಯಾರನ್ನೂ ಕೇಳದೆ ಇಷ್ಟು ವರ್ಷ ನಡೆದುಬಂದಿತ್ತು.

ಬರ್ರಿ ಗಿರಿಜಮ್ಮ, ಕುಂದ್ರಿ ಎಂದು ಸೆರಗಿನಿಂದ ಬದುವಿನ ಮಣ್ಣು ಜಾಡಿಸಿದಳು. ನಾನು ಕೂರಲಿಲ್ಲ. ಕೂರಲು ಆಗಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಕಂಪನಿ, ಫಾರ್ಮು, ಸರ್ವೆ ನಂಬರು, ಕೆಂಪು ಗುರುತು.

ಹೇಳುವಾಗ ಮಧ್ಯದಲ್ಲಿ ನನ್ನ ನಾಲಿಗೆ ತಡವರಿಸಿತು. ಯಾಕೆ ಗೊತ್ತೇ? ಈ ಐದು ತಿಂಗಳಲ್ಲಿ ಇದನ್ನೆಲ್ಲ ಅವಳಿಗೆ ಹೇಳುತ್ತಿರುವುದು ಇದೇ ಮೊದಲು ಎಂದು ಆಗ ಹೊಳೆಯಿತು. ಗೌಡರನ್ನು ಕೇಳಿದ್ದೆ. ಅನನ್ಯಾಳನ್ನು ಕೇಳಿದ್ದೆ. ಬೇಡ ಎಂದ ಅಕ್ಕನನ್ನೂ ಒಪ್ಪಿಸಿದ್ದೆ. ಯಾರ ಶೇಂಗಾ ವಿಷಯಕ್ಕೆ ಇಷ್ಟೆಲ್ಲ ನಡೆಯಿತೋ ಅವಳನ್ನು ಒಂದು ಮಾತು ಕೇಳಬೇಕೆಂದು ನನಗೆ ಅನ್ನಿಸಿಯೇ ಇರಲಿಲ್ಲ. ಅವಳ ಒಳ್ಳೆಯದಕ್ಕೇ ಮಾಡುತ್ತಿದ್ದೇನಲ್ಲ, ಇನ್ನು ಕೇಳುವುದೇನು ಎನ್ನುವ ಧೋರಣೆ. ನಾಚಿಕೆಯಾಗುತ್ತದೆ.

ಹನುಮವ್ವ ಪೂರ್ತಿ ಕೇಳಿಸಿಕೊಂಡಳು. ನನ್ನನ್ನು ಅವಳು ಕರೆಯುವುದು ಸಣ್ಣಮ್ಮ ಎಂದು, ಗಿರಿಜಮ್ಮನ ತಂಗಿ ಅಂತ.

"ನನ್ನ ಹೆಸ್ರು ಬರದೀರಂತಲ್ರೀ ಸಣ್ಣಮ್ಮ. ಎಲ್ಲಿ ಬರದೀರಿ, ತೋರಸ್ರಿ."

ಮೊಬೈಲ್ ತೆಗೆದು ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ, ಆದರೂ ಹತ್ತಿರ ಹಿಡಿದು ನೋಡಿದಳು. ಇದೇ ನಿನ್ನ ಹೆಸರು ಎಂದು ಬೆರಳಿಟ್ಟೆ. ಮೇಲೆ ಏನು ಬರೆದಿದೆ ಎಂದು ಕೇಳಿದಳು. ಕೆಲಸದವರು ಅಂತ ಎಂದೆ. ಯಾರ ಕೆಲಸದವರು ಎಂದು ಕೇಳಿದಳು.

ಗೌಡರ ಹೊಲದ ಕೆಲಸದವರು ಎಂದೆ.

ಅವಳು ಮೊಬೈಲನ್ನು ಮಡಿಲಲ್ಲಿ ಇಟ್ಟುಕೊಂಡು ಹೊಲದ ಕಡೆ ತಿರುಗಿದಳು. ಸಿಟ್ಟು ಮಾಡಿಕೊಂಡಳೆಂದು ನಾನು ಅಂದುಕೊಂಡೆ. ಸಿಟ್ಟಲ್ಲ. ಅವಳು ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದಳು.

"ಮಂದಿ ಹೊಲದಾಗ ಭಾಳ ಕೂಲಿ ಮಾಡೀನ್ರಿ ನಾನು. ಇಲ್ಲ ಅನ್ನಂಗಿಲ್ಲ. ಕೂಲಿ ಅಂದ್ರ ಅವ್ರು ಕರದಾಗ ಹೋಗ್ಬೇಕು, ಸಾಕು ಅಂದಾಗ ಏಳ್ಬೇಕು. ಹಕ್ಕಲು ಹಂಗಲ್ಲ. ನಾ ಬಂದಾಗ ಬರ್ತೀನಿ, ಸಾಕಾದಾಗ ಏಳ್ತೀನಿ. ಹಕ್ಕಲಿನ್ಯಾಗ ನಾ ಯಾವತ್ತು ಗೌಡ್ರ ಆಳಾಗಿದ್ನಿ, ಸಣ್ಣಮ್ಮ?"

ನಾನು ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ, ಅದನ್ನು ಇನ್ನೊಂದು ಕ್ಲಾಸಿನಲ್ಲಿ ನೋಡೋಣ ಎಂದು ಜಾರಿಕೊಳ್ಳುವುದು ನನಗೆ ಚೆನ್ನಾಗಿ ಗೊತ್ತು. ಅಲ್ಲಿ ಜಾರಲು ಜಾಗವಿರಲಿಲ್ಲ. ತಪ್ಪಾಯಿತು ಹನುಮವ್ವ ಎಂದೆ. ಇರ್ಲಿ ಬಿಡ್ರಿ ಎಂದಳು. ಅಷ್ಟು ಸಲೀಸಾಗಿ ಬಿಟ್ಟುಕೊಡುವುದನ್ನು ಈ ಜನ ಎಲ್ಲಿ ಕಲಿಯುತ್ತಾರೋ!

ಮುಳ್ಳಿನ ಆಚೆ ಹೊಲ ಕಾಣುತ್ತಿತ್ತು. ಹಿಂದಿನ ದಿನ ಮಳೆಯಾಗಿತ್ತು. ಕೆಂಪು ಮಣ್ಣು ತೊಳೆದು ಅಲ್ಲಲ್ಲಿ ಬೆಳ್ಳಗೆ ಕಾಯಿ ಮೇಲೆದ್ದಿದ್ದವು. ಹನುಮವ್ವ ಅವನ್ನು ನನಗೆ ಕೈ ಮಾಡಿ ತೋರಿಸಿದಳು. ಇನ್ನು ನಾಲ್ಕು ದಿನ ಬಿಟ್ಟರೆ ಮೊಳಕೆ ಒಡೆಯುತ್ತವೆ, ಆಮೇಲೆ ಅವು ಕುರಿಗೂ ಅಲ್ಲ ಮನುಷ್ಯರಿಗೂ ಅಲ್ಲ ಎಂದಳು. ಒಂದು ಹೆಜ್ಜೆ ದಾಟಿದರೆ ಸಿಗುವಂತಿದ್ದವು. ಅವಳು ದಾಟುವವಳಲ್ಲ. ಹಕ್ಕಲಿಗೆ ಒಂದು ಮರ್ಯಾದೆ ಇದೆ. ಮುಳ್ಳು ದಾಟಿ ತಂದರೆ ಅದರ ಹೆಸರು ಬೇರೆ.

ಅಲ್ಲಿಂದ ಗೌಡರ ಮನೆಗೆ ಹೋದೆವು. ಬೇಸರವಿದ್ದರೂ ಒಳಗೆ ಕರೆದರು, ಸೊಸೆ ನೀರು ತಂದಿಟ್ಟಳು. ಮುಳ್ಳು ತೆಗೆಸಿ ಎಂದು ಅಕ್ಕ ಕೈ ಮುಗಿದಳು. ಕಂಪನಿಯ ವ್ಯವಹಾರವೇ ತನಗೆ ಬೇಡ, ಇವತ್ತೇ ಬಿಡಿಸಿಕೊಳ್ಳುತ್ತೇನೆ, ಮೊದಲಿನ ಹಾಗೆ ಇರೋಣ ಎಂದಳು.

"ಹನುಮವ್ವನ ಮ್ಯಾಲೆ ನಂಗೇನು ಸಿಟ್ಟೈತಿ, ಗಿರಿಜಮ್ಮ? ನಾಳೆ ಇನ್ಯಾರೋ ಬಂದು ಫೋಟೋ ಹೊಡದು, ನಿನ್ನ ಹೊಲದಾಗ ಈ ಮುದುಕಿ ಯಾರು ಅಂತ ಕೇಳಿದ್ರ ನಾ ಏನ್ ಹೇಳ್ಲಿ? ಇಷ್ಟು ದಿನ ಯಾರೂ ಕೇಳಿದ್ದಿಲ್ಲ. ಈಗ ಕೇಳ್ಯಾರ."

ಪಕ್ಕದ ಎರಡು ಹೊಲದವರೂ ಈ ವರ್ಷ ಯಾರನ್ನೂ ಇಳಿಸಬಾರದು ಎಂದು ಮಾತಾಡಿಕೊಂಡಿದ್ದಾರಂತೆ. ಹೊಲದಲ್ಲಿ ಯಾರು ಕಂಡರೂ ಒಡೆಯನ ತಲೆಗೆ ಬರುತ್ತದೆ ಎಂದು ಊರಲ್ಲಿ ಸುದ್ದಿಯಾಗಿದೆ. ನನ್ನ ಫಾರ್ಮು ನನಗಿಂತ ಮುಂಚೆ ಊರು ಸುತ್ತಿ ಬಂದಿತ್ತು.

ಒಂದು ಪದ್ಧತಿ ಹುಟ್ಟಲು ಎಷ್ಟು ಕಾಲ ಬೇಕು? ನನಗೆ ಗೊತ್ತಿಲ್ಲ. ಸಾಯಲು ಎಷ್ಟು ಬೇಕು ಎನ್ನುವುದು ಗೊತ್ತಾಯಿತು. ಒಬ್ಬ ಮರ್ಯಾದಸ್ಥನಿಗೆ ಒಂದು ಸಲ ಹೆದರಿಕೆ ಹುಟ್ಟಿದರೆ ಸಾಕು.

ನನ್ನನ್ನು ತಪ್ಪು ತಿಳಿಯಬೇಡಿ. ಕೇಳುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ಕೇಳದೆ ಬಿಟ್ಟದ್ದರಿಂದ ಬೆರಳು ಸುಟ್ಟುಕೊಂಡವರು ಎಷ್ಟೋ ಜನ ಇದ್ದಾರೆ. ಈ ಗೌಡರ ಮನೆಯಲ್ಲೇ ಒಂದು ಕಾಲಕ್ಕೆ ಕೇಳುವವರು ಬೇಕಾಗಿತ್ತು. ನನ್ನ ಸಂಕಟ ಬೇರೆ. ನಾವು ಕೇಳುವ ಪ್ರಶ್ನೆಯಲ್ಲಿ ಎರಡೇ ಖಾನೆ ಇಟ್ಟುಕೊಂಡು ಹೋಗುತ್ತೇವೆ. ಅಲ್ಲಿ ಎದುರಾಗುವ ಮನುಷ್ಯರು ಎರಡರಲ್ಲೂ ಹಿಡಿಸದಿದ್ದರೆ, ಖಾನೆ ದೊಡ್ಡದು ಮಾಡುವ ಬದಲು ಮನುಷ್ಯರನ್ನೇ ಮಡಚಿ ತುರುಕುತ್ತೇವೆ. ಶೇಂಗಾ ಒಂದೇ ಅಲ್ಲ, ರೇಷನ್ ಕಾರ್ಡಿನಿಂದ ಹಿಡಿದು ಮಕ್ಕಳ ಶಾಲೆಯವರೆಗೆ ಎಲ್ಲ ಕಡೆಯೂ ಇದೇ ನಡೆಯುತ್ತಿದೆ. ತುರುಕುವ ಕೆಲಸಕ್ಕೆ ನನ್ನಂಥ ಅಕ್ಷರ ಬಲ್ಲವರು ಪುಕ್ಕಟೆ ಸಿಗುತ್ತೇವೆ.

ಅಕ್ಕನ ಮನೆಗೆ ಬಂದವಳೇ ಗೌಡರ ಹೆಸರು ತೆಗೆಸಲು ಕೂತೆ. ಅದಕ್ಕೂ ಒಂದು ಫಾರ್ಮು! ಕಾರಣ ಆರಿಸಿ ಎಂದಿತ್ತು. ಜಮೀನು ಮಾರಾಟವಾಗಿದೆ. ರೈತ ತೀರಿಕೊಂಡಿದ್ದಾರೆ. ಬೆಳೆ ಹಾಳಾಗಿದೆ. ವ್ಯಾಜ್ಯವಿದೆ. ನಾಲ್ಕೇ. ಗೌಡರು ಗುಂಡುಕಲ್ಲಿನ ಹಾಗಿದ್ದಾರೆ, ಬೆಳೆ ಚೆನ್ನಾಗಿ ಬಂದಿದೆ, ಹೊಲ ಎಲ್ಲೂ ಹೋಗಿಲ್ಲ, ಯಾರೊಡನೆಯೂ ಜಗಳವಿಲ್ಲ. ನನ್ನ ಬುದ್ಧಿಗೇಡಿತನ ಎನ್ನುವ ಐದನೆಯ ಕಾರಣವನ್ನು ಅವರು ಕೊಟ್ಟಿರಲಿಲ್ಲ. ಎದ್ದು ಎರಡು ಸುತ್ತು ಹಿತ್ತಲಲ್ಲಿ ಓಡಾಡಿ ಬಂದೆ.

ಅಕ್ಕ ಒರಳಿನ ಮುಂದೆ ಕೂತಿದ್ದಳು. ಡಬ್ಬದಲ್ಲಿ ಹೋದ ವರ್ಷದ ಬೀಜ ತಳ ಕಂಡಿತ್ತು. ಇದು ಮುಗಿದ ಮೇಲೆ ಏನು ಮಾಡುತ್ತೀ ಎಂದು ಕೇಳಿದೆ. ನಾನು ಬೇರೆ ಪುಡಿ ಮಾಡುತ್ತೇನೆ, ಅಗಸೆಯದೋ ಗುರೆಳ್ಳಿನದೋ, ನನಗೇನು ಎಂದಳು. ಹನುಮವ್ವ ಏನು ಮಾಡುತ್ತಾಳೆ, ಅದನ್ನು ಹೇಳು ಎಂದಳು. ಒಂದು ವಾರದಲ್ಲಿ ಅಕ್ಕ ನನಗೆ ಅಂದ ಕಠಿಣ ಮಾತು ಅದೊಂದೇ.

ಕೊನೆಗೆ ಅನನ್ಯಾಗೇ ಫೋನ್ ಮಾಡಿ, ನಮ್ಮನ್ನು ಬಿಟ್ಟುಬಿಡಮ್ಮ ಎಂದು ಕೇಳಿಕೊಂಡೆ. ಅವಳ ದನಿಯಲ್ಲಿ ಉತ್ಸಾಹವಿತ್ತು. ಅವಸರ ಮಾಡಬೇಡಿ ಮೇಡಂ, ನಿಮಗೆ ಒಳ್ಳೆಯ ಸುದ್ದಿ ಇದೆ ಎಂದಳು. ತಪಾಸಣೆಯವರು ಗೌಡರಿಗೆ ಮತ್ತೆ ಫೋನ್ ಮಾಡಿದ್ದರಂತೆ. ಈಗ ನನ್ನ ಹೊಲದೊಳಗೆ ಯಾರೂ ಬರುವುದಿಲ್ಲ, ಬೇಕಾದರೆ ಬಂದು ನೋಡಿ ಎಂದು ಗೌಡರು ಹೇಳಿದರಂತೆ. ಯಾರೋ ಬಂದು ನೋಡಿ, ಫೋಟೋ ತೆಗೆದುಕೊಂಡೂ ಹೋಗಿದ್ದಾರಂತೆ.

ಅವಳು ಕಳಿಸಿದ ಸ್ಕ್ರೀನ್‌ಶಾಟ್ ನನ್ನ ಮೊಬೈಲಿನಲ್ಲಿದೆ. ಗೌಡರ ಸರ್ವೆ ನಂಬರಿನ ಮುಂದೆ ಕೆಂಪು ಹೋಗಿ ಹಸಿರು ಗುರುತು ಬಂದಿದೆ. ಕೆಳಗೆ ಇಂಗ್ಲಿಷಿನಲ್ಲಿ, ಈ ಹೊಲದಲ್ಲಿ ಈಗ ಯಾರಿಗೂ ಅನ್ಯಾಯವಾಗುತ್ತಿಲ್ಲ ಎಂಬ ಅರ್ಥದ ಒಂದು ಸಾಲು.

ನಿಜವೇ. ಆಗುವುದಕ್ಕೆ ಅಲ್ಲಿ ಯಾರಿದ್ದಾರೆ?